ಗಿಡದ ಸಾರ ಕ್ಯಾನ್ಸರ್ ಕೋಶ ಕೊಂದಿತು, ಸರಿ. ಆಮೇಲೆ?

ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ ಎಂಟು ಸಾಲು, ಸಾಲಿಗೆ ಹನ್ನೆರಡರಂತೆ 96 ಪುಟ್ಟ ಗುಳಿಗಳು. ಕಂಡಕೂಡಲೇ ಚೆನ್ನೆಮಣೆ ನೆನಪಾಗುತ್ತದೆ. ಒಂದೊಂದು ಗುಳಿಯ ತಳದಲ್ಲೂ ಸ್ತನ ಕ್ಯಾನ್ಸರಿನ ಸಾವಿರಾರು ಕೋಶಗಳು ಅಂಟಿಕೊಂಡು ಕೂತಿವೆ. ನಮ್ಮ ಮೈಯಷ್ಟೇ ಬೆಚ್ಚಗಿರುವ, 37 ಡಿಗ್ರಿಯ ಪೆಟ್ಟಿಗೆಯಲ್ಲಿ ಅವು ಬೆಳೆಯುತ್ತವೆ. ಸಂಶೋಧನಾ ವಿದ್ಯಾರ್ಥಿನಿ ಯಾವುದೋ ಸೊಪ್ಪಿನ ಸಾರವನ್ನು ಮೊದಲ ಸಾಲಿಗೆ ತೆಳ್ಳಗೆ, ಮುಂದಿನದಕ್ಕೆ ಎರಡರಷ್ಟು, ಅದರಾಚೆಯದಕ್ಕೆ ಮತ್ತೂ ಎರಡರಷ್ಟು ಗಟ್ಟಿಯಾಗಿ ಬಿಟ್ಟು ಎರಡು ದಿನ ಕಾಯುತ್ತಾಳೆ. ಆಮೇಲೆ ಎಂಟಿಟಿ ಎಂಬ ಹಳದಿ ದ್ರಾವಣ ಹಾಕುತ್ತಾಳೆ. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ, ಸತ್ತ ಕೋಶಕ್ಕೆ ಆ ತಾಕತ್ತಿಲ್ಲ. ಹಾಗಾಗಿ ತಟ್ಟೆಯ ಒಂದು ತುದಿ ನೇರಳೆಹಣ್ಣು ಹಿಂಡಿದ ಹಾಗೆ, ಇನ್ನೊಂದು ತುದಿ ಮಾಸಲು ಹಳದಿ. ಯಂತ್ರವೊಂದು ಬಣ್ಣ ಅಳೆದು, ಅರ್ಧದಷ್ಟು ಕೋಶಗಳನ್ನು ಕೊಲ್ಲಲು ಎಷ್ಟು ಸಾರ ಬೇಕಾಯಿತು ಎಂಬ ಲೆಕ್ಕ ಕೊಡುತ್ತದೆ.

ಈ ಒಂದು ಸಂಖ್ಯೆಯಿಂದ ಪ್ರಬಂಧ ಹುಟ್ಟುತ್ತದೆ, ಪ್ರಬಂಧದಿಂದ ಪತ್ರಿಕಾ ಪ್ರಕಟಣೆ, ಅದರಿಂದ ‘ಸ್ತನ ಕ್ಯಾನ್ಸರಿಗೆ ಹಿತ್ತಲ ಗಿಡವೇ ಮದ್ದು’ ಎಂಬ ತಲೆಬರಹ. ಸಂಜೆಯ ಹೊತ್ತಿಗೆ ಅದು ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಬಂದಿರುತ್ತದೆ. ಅಲ್ಲಿ ಅದನ್ನು ಓದುವವರು ಕಡಿಮೆ ಜನವೇನಲ್ಲ. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1.92 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಕಾಣಿಸಿತು, ಸುಮಾರು 98 ಸಾವಿರ ಮಂದಿ ತೀರಿಕೊಂಡರು.

ತಟ್ಟೆಯಲ್ಲಿ ನಡೆದದ್ದು ಸುಳ್ಳಲ್ಲ. ಕೋಶ ಸತ್ತಿದ್ದು ನಿಜ. ಆದರೆ ಅದೇ ಗುಳಿಗೆ ಎರಡು ಹನಿ ಫಿನಾಯಿಲ್ ಬಿಟ್ಟರೂ ಸಾಯುತ್ತದೆ, ಗಟ್ಟಿ ಉಪ್ಪುನೀರು ಬಿಟ್ಟರೂ ಸಾಯುತ್ತದೆ. ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಕಷ್ಟದ ಕೆಲಸವೇ ಅಲ್ಲ. ಪಕ್ಕದ ಒಳ್ಳೆಯ ಕೋಶವನ್ನು ಬಿಟ್ಟು ಅದನ್ನಷ್ಟೇ ಕೊಲ್ಲುವುದು, ಅದೂ ಹೆಂಗಸೊಬ್ಬಳ ಮೈಯೊಳಗೆ, ಅವಳ ಪಿತ್ತಜನಕಾಂಗವನ್ನು ದಾಟಿ ಗಡ್ಡೆ ಇರುವ ಜಾಗಕ್ಕೆ ಬೇಕಾದಷ್ಟೇ ಪ್ರಮಾಣ ತಲುಪಿಸಿ ಕೊಲ್ಲುವುದು ಕಷ್ಟ. ಗಿಡದ ಅಣುಗಳ ಪರೀಕ್ಷೆಯಲ್ಲಿ ಸೋಲು ಗೆಲುವು ನಿರ್ಧಾರವಾಗುವುದು ಇಲ್ಲಿ. ತಟ್ಟೆ ಈ ದಾರಿಯ ಮೊದಲ ಮೆಟ್ಟಿಲು ಮಾತ್ರ.

ಆ ಮೆಟ್ಟಿಲೂ ಅಷ್ಟು ಗಟ್ಟಿಯಲ್ಲ. ಸ್ತನ ಕ್ಯಾನ್ಸರ್ ಪ್ರಯೋಗಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಎಂಸಿಎಫ್-7 ಎಂಬ ಕೋಶಸಂತತಿ 1970ರಲ್ಲಿ ಅಮೆರಿಕದ ಮಿಷಿಗನ್‌ನ ಕ್ರೈಸ್ತ ಸನ್ಯಾಸಿನಿಯೊಬ್ಬರ ಎದೆಗೂಡಿನಲ್ಲಿ ತುಂಬಿದ್ದ ನೀರಿನಿಂದ ತೆಗೆದದ್ದು. ಆಕೆ ತೀರಿಕೊಂಡು ಅರ್ಧ ಶತಮಾನವಾಯಿತು. ಕೋಶಗಳು ಮಾತ್ರ ಜಗತ್ತಿನ ಸಾವಿರಾರು ಪ್ರಯೋಗಾಲಯಗಳಲ್ಲಿ ಇನ್ನೂ ಬೆಳೆಯುತ್ತಿವೆ. ನಮ್ಮಲ್ಲಿ ಅವನ್ನು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತರಿಸಿಕೊಳ್ಳುವುದು ರೂಢಿ. ಈಸ್ಟ್ರೋಜನ್ ಹಾರ್ಮೋನಿನ ಮೇಲೆ ಬೆಳೆಯುವ ಬಗೆಯ ಕ್ಯಾನ್ಸರ್ ಇದು. ಹಾರ್ಮೋನ್ ತಡೆಯುವ ಮದ್ದಿಗೂ ಹರ್ಸೆಪ್ಟಿನ್‌ನಂಥ ಔಷಧಿಗೂ ಬಗ್ಗದ ‘ಟ್ರಿಪಲ್ ನೆಗೆಟಿವ್’ ಬಗೆಯೇ ಬೇರೆ, ಅದರ ಪರೀಕ್ಷೆಗೆ ಬೇರೆ ಕೋಶಗಳು ಬೇಕು. ಹೀಗಿರುವಾಗ ಎಂಸಿಎಫ್-7 ಒಂದರ ಮೇಲೆ ಮಾಡಿದ ಪರೀಕ್ಷೆ ‘ಸ್ತನ ಕ್ಯಾನ್ಸರ್’ ಎಂಬ ಇಡೀ ಕಾಯಿಲೆಯ ಬಗ್ಗೆ ಹೇಳುವುದು ಕೊಂಚವೇ. ಇನ್ನೂ ಒಂದು ತಮಾಷೆ ಇದೆ. ವರ್ಷಗಟ್ಟಲೆ ಸ್ತನ ಕ್ಯಾನ್ಸರ್ ಎಂದೇ ಬಳಸಿದ ಎಂಡಿಎ-ಎಂಬಿ-435 ಎಂಬ ಸಂತತಿ ಕೊನೆಗೆ ಚರ್ಮದ ಕ್ಯಾನ್ಸರಿನದ್ದು ಎಂದು ತಿಳಿಯಿತು. ಅಷ್ಟರಲ್ಲಿ ಅದರ ಮೇಲೆ ನೂರಾರು ಪ್ರಬಂಧಗಳು ಬಂದಾಗಿತ್ತು.

ಎಂಟಿಟಿ ಬಣ್ಣವೂ ಗಿಡದ ಸಾರದ ಎದುರು ಎಡವುತ್ತದೆ. ಕೋಶವೇ ಇಲ್ಲದ ಗುಳಿಗೆ ನೆಲ್ಲಿಕಾಯಿಯೋ ಹಸಿರು ಚಹಾವೋ, ಉತ್ಕರ್ಷಣ ನಿರೋಧಕ (ಆ್ಯಂಟಿಆಕ್ಸಿಡೆಂಟ್) ಗುಣ ಹೆಚ್ಚಿರುವ ಯಾವುದಾದರೂ ಸಾರ ಹಾಕಿ ನೋಡಿ. ಆ ಸಾರವೇ ಹಳದಿಯನ್ನು ನೇರಳೆ ಮಾಡಿಬಿಡಬಹುದು. ಒಳ್ಳೆಯ ಪ್ರಯೋಗಾಲಯ ಇದಕ್ಕೆಂದೇ ಒಂದು ಸಾಲು ಖಾಲಿ ಗುಳಿ ಇಟ್ಟು ತಾಳೆ ನೋಡುತ್ತದೆ, ಆರೋಗ್ಯವಂತ ಸ್ತನದ ಕೋಶವನ್ನೂ ಜೊತೆಗಿಡುತ್ತದೆ. ಗಿಡ-ಕ್ಯಾನ್ಸರ್ ಪ್ರಬಂಧ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಈ ಎರಡನ್ನು. ಎರಡೂ ಇಲ್ಲದಿದ್ದರೆ ಮುಂದೆ ಓದಲು ಮನಸ್ಸಾಗುವುದಿಲ್ಲ. ತಟ್ಟೆ, ಬಣ್ಣ, ಒಂದು ಕೋಶಸಂತತಿ, ಊರ ಸುತ್ತ ಸಿಗುವ ಒಂದು ಗಿಡ ಇದ್ದರೆ ಪಿಎಚ್‌ಡಿಯ ಒಂದು ಅಧ್ಯಾಯ ಮುಗಿಯುತ್ತದೆ. ಅಗ್ಗದ ಪರೀಕ್ಷೆ, ಅದಕ್ಕೇ ಇಷ್ಟೊಂದು ಪ್ರಬಂಧಗಳು.

ಹಾಗಂತ ಗಿಡಗಳನ್ನೇ ಜರೆದರೆ ಕೃತಘ್ನತೆಯಾದೀತು. ಇವತ್ತು ಕರ್ನಾಟಕದ ಯಾವುದೇ ಕಿಮೋ ವಾರ್ಡಿಗೆ ಹೋದರೂ ಕಾಣುವ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧಿ ಒಂದು ಮರದ ತೊಗಟೆಯಿಂದ ಬಂದದ್ದು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1960ರಲ್ಲಿ ಗಿಡಗಳನ್ನು ಸಾಲಾಗಿ ಪರೀಕ್ಷಿಸಲು ಹೊರಟಿತು. 1962ರ ಆಗಸ್ಟಿನಲ್ಲಿ ಆರ್ಥರ್ ಬಾರ್ಕ್ಲೇ ಎಂಬ ಸಸ್ಯವಿಜ್ಞಾನಿ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಪೆಸಿಫಿಕ್ ಯೂ ಎಂಬ ಮರದ ತೊಗಟೆ ಕೆತ್ತಿ ಕಳಿಸಿದರು. ನಾರ್ತ್ ಕೆರೊಲಿನಾದಲ್ಲಿ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರ್ಬಾರಿನಲ್ಲಿ ಹುಟ್ಟಿದ ಮನಸುಖ್ ವಾನಿ ಅದರಿಂದ ಅಣುವನ್ನು ಬೇರ್ಪಡಿಸಿ, ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದರು. ಆಗ ಯಾರೂ ಕುಣಿದಾಡಲಿಲ್ಲ. ಕೋಶ ಕೊಲ್ಲುವ ಅಣುಗಳು ಅಷ್ಟರಲ್ಲಾಗಲೇ ಬೇಕಾದಷ್ಟಿದ್ದವು.

1979ರಲ್ಲಿ ನ್ಯೂಯಾರ್ಕಿನ ಸೂಸನ್ ಹಾರ್ವಿಟ್ಜ್ ತಂಡ ಇದು ಕೊಲ್ಲುವ ಬಗೆಯೇ ಬೇರೆ ಎಂದು ತೋರಿಸಿದ ಮೇಲೆ ಆಸಕ್ತಿ ಚಿಗುರಿತು. ಕೋಶ ಎರಡಾಗುವಾಗ ಒಳಗೆ ಸಣ್ಣ ಕೊಳವೆಗಳ ಚೌಕಟ್ಟು ಕಟ್ಟಿಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ಬಿಚ್ಚಿಕೊಳ್ಳುತ್ತದೆ. ಮನೆಗೆ ಮೋಲ್ಡ್ ಹಾಕುವಾಗ ಸೆಂಟ್ರಿಂಗ್ ಕಟ್ಟಿ ಬಿಚ್ಚುವ ಹಾಗೆ. ಆವರೆಗೆ ಗೊತ್ತಿದ್ದ ಗಿಡದ ವಿಷಗಳು ಸೆಂಟ್ರಿಂಗ್ ಕಟ್ಟಲು ಬಿಡುತ್ತಿರಲಿಲ್ಲ, ಇದು ಕಟ್ಟಿದ್ದನ್ನು ಬಿಚ್ಚಲು ಬಿಡುವುದಿಲ್ಲ. ಕೋಶ ಅರ್ಧದಲ್ಲೇ ಸಿಕ್ಕಿಬಿದ್ದು ಸಾಯುತ್ತದೆ. ನರಗಳಲ್ಲೂ ಇಂಥ ಕೊಳವೆಗಳಿವೆ. ಪ್ಯಾಕ್ಲಿಟ್ಯಾಕ್ಸೆಲ್ ತೆಗೆದುಕೊಂಡವರು ಅಂಗಾಲು, ಬೆರಳ ತುದಿ ಜೋಮು ಹಿಡಿದಂತಿದೆ ಎನ್ನುವುದು ಇದಕ್ಕೇ.

ಆಮೇಲೂ ದಾರಿ ಸುಗಮವಾಗಿರಲಿಲ್ಲ. ಅಣು ನೀರಿನಲ್ಲಿ ಕರಗುವುದೇ ಇಲ್ಲ. ಹರಳೆಣ್ಣೆಯಿಂದ ತಯಾರಿಸಿದ ಕ್ರೆಮೊಫೋರ್ ಎಂಬ ದ್ರಾವಕದಲ್ಲಿ ಕರಗಿಸಿ ರಕ್ತನಾಳಕ್ಕೆ ಬಿಟ್ಟರೆ ಕೆಲವರಿಗೆ ಜೀವಕ್ಕೇ ಕುತ್ತು ತರುವ ಅಲರ್ಜಿ. ಈಗಲೂ ಆ ಡ್ರಿಪ್ ಹಾಕುವ ಮೊದಲು ಸ್ಟಿರಾಯ್ಡ್ ಮತ್ತು ಅಲರ್ಜಿ ಇಂಜೆಕ್ಷನ್ ಕೊಡುವುದು ಅದಕ್ಕಾಗಿ. ಒಂದು ಕೆ.ಜಿ. ಔಷಧಿಗೆ ಸುಮಾರು ಹತ್ತು ಟನ್ ತೊಗಟೆ ಬೇಕಿತ್ತು, ತೊಗಟೆ ಕಿತ್ತ ಮರ ಒಣಗುತ್ತಿತ್ತು. ಕೊನೆಗೆ ಅದರ ಬಂಧು ಮರಗಳ ಸೂಜಿಯಂಥ ಎಲೆಗಳಲ್ಲಿ ಅರ್ಧ ಸಿದ್ಧ ಅಣು ಸಿಗುತ್ತದೆಂದು ಗೊತ್ತಾಗಿ, ಉಳಿದರ್ಧವನ್ನು ರಸಾಯನಶಾಲೆಯಲ್ಲಿ ಜೋಡಿಸುವ ದಾರಿ ಸಿಕ್ಕಿತು. ಅಂಡಾಶಯದ ಕ್ಯಾನ್ಸರಿಗೆ 1992ರ ಕೊನೆಯಲ್ಲಿ, ಸ್ತನ ಕ್ಯಾನ್ಸರಿಗೆ 1994ರಲ್ಲಿ ಅಮೆರಿಕದ ಅನುಮತಿ ಬಂತು. ತೊಗಟೆ ಕೆತ್ತಿದ ದಿನದಿಂದ ಲೆಕ್ಕ ಹಾಕಿದರೆ 32 ವರ್ಷ. ಗಿಡಗಳನ್ನು ಸಾಲಾಗಿ ಪರೀಕ್ಷಿಸುವ ಆ ಅಮೆರಿಕನ್ ಯೋಜನೆಯಲ್ಲಿ 1982ರವರೆಗೆ ಪರೀಕ್ಷಿಸಿದ ಸಾರಗಳು ಒಂದು ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಔಷಧಿಯಾಗಿ ಉಳಿದವನ್ನು ಬೆರಳಲ್ಲಿ ಎಣಿಸಬಹುದು.

‘ಗಿಡಕ್ಕೆ ಪೇಟೆಂಟ್ ಸಿಗಲ್ಲ, ಅದಕ್ಕೇ ಔಷಧಿ ಕಂಪನಿಗಳು ಮುಚ್ಚಿಡುತ್ತವೆ’ ಎಂಬ ಮಾತು ಬಸ್ಸಿನಲ್ಲೂ ಕೇಳುತ್ತದೆ, ಓದಿದವರ ಬಾಯಲ್ಲೂ ಕೇಳುತ್ತದೆ. ಈ ಅಣುವಿನ ಮೇಲೆ ಮೂಲ ಪೇಟೆಂಟೇ ಇರಲಿಲ್ಲ. ಆದರೂ ಮಾರಾಟಕ್ಕಿಳಿದ ಕಂಪನಿ ವರ್ಷಕ್ಕೆ ನೂರು ಕೋಟಿ ಡಾಲರ್ ಮೀರಿ ದುಡಿಯಿತು. ಕೆಲಸ ಮಾಡುವ ಗಿಡವನ್ನು ಮುಚ್ಚಿಡುವಷ್ಟು ಉದಾರಿಗಳಲ್ಲ ಅವರು.

ಕಾಶಿಕಣಗಿಲೆಯದ್ದು ಚಿಕ್ಕ ಕಥೆ. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದ ಅದರ ಎಲೆಯ ಕಷಾಯವನ್ನು 1950ರ ದಶಕದಲ್ಲಿ ಕೆನಡಾದಲ್ಲಿ ಇಲಿಗಳಿಗೆ ಚುಚ್ಚಿದರು. ಸಕ್ಕರೆ ಇಳಿಯಲಿಲ್ಲ. ಬಿಳಿ ರಕ್ತಕಣಗಳು ಕುಸಿದು ಇಲಿಗಳು ಸೋಂಕಿನಿಂದ ಸತ್ತವು. ಬಿಳಿಕಣ ಕೊಲ್ಲುವುದಾದರೆ ರಕ್ತದ ಕ್ಯಾನ್ಸರಿಗೆ ಯಾಕಾಗಬಾರದು ಎಂದು ಹೊರಟಾಗ ಸಿಕ್ಕಿದ್ದು ವಿನ್‌ಬ್ಲಾಸ್ಟಿನ್. ಅದರ ವಂಶದ ವಿನೊರೆಲ್ಬಿನ್ ಈಗ ಹರಡಿದ ಸ್ತನ ಕ್ಯಾನ್ಸರಿನಲ್ಲಿ ಬಳಕೆಯಲ್ಲಿದೆ. ಜನಪದ ವೈದ್ಯ ಹೇಳಿದ ಕಾಯಿಲೆಗೆ ಗಿಡ ಕೆಲಸ ಮಾಡಲಿಲ್ಲ, ಹೇಳದ ಕಾಯಿಲೆಗೆ ಮಾಡಿತು.

ಇನ್ನು ಅರಿಶಿನ. ಅದರೊಳಗಿನ ಕರ್ಕ್ಯುಮಿನ್ ಅಣುವಿನಷ್ಟು ತಟ್ಟೆಯಲ್ಲಿ ಮಿಂಚಿ, ಮೈಯಲ್ಲಿ ಮಂಕಾದದ್ದು ಇನ್ನೊಂದಿಲ್ಲವೇನೋ. ತಟ್ಟೆಯಲ್ಲಿ ಸ್ತನ ಕ್ಯಾನ್ಸರ್ ಕೋಶ ಸಾಯಲು ಸಾಮಾನ್ಯವಾಗಿ 10ರಿಂದ 20 ಮೈಕ್ರೊಮೋಲಾರ್ (ದ್ರವದಲ್ಲಿ ಅಣು ಎಷ್ಟು ಗಟ್ಟಿಯಾಗಿದೆ ಎಂಬ ಅಳತೆ) ಪ್ರಮಾಣ ಬೇಕು. ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿಸಿದ ಪ್ರಯೋಗದಲ್ಲಿ ರಕ್ತದಲ್ಲಿ ಕಂಡದ್ದು ಹೆಚ್ಚೆಂದರೆ 2ರ ಆಸುಪಾಸು. ಅರಿಶಿನದ ತೂಕದಲ್ಲಿ ಕರ್ಕ್ಯುಮಿನ್ ಶೇ. 3ರಷ್ಟು ಎಂದುಕೊಂಡರೆ, 8 ಗ್ರಾಂಗೆ ದಿನಾ ಕಾಲು ಕೆ.ಜಿ. ಅರಿಶಿನ ಪುಡಿ ಬೇಕು. ರಾತ್ರಿ ಹಾಲಿಗೆ ಹಾಕುವ ಚಿಟಿಕೆಯನ್ನು ಇದರ ಪಕ್ಕ ಇಟ್ಟು ನೋಡಿ. ಕರುಳು ಮತ್ತು ಪಿತ್ತಜನಕಾಂಗ ಸೇರಿ ಕರ್ಕ್ಯುಮಿನ್ ಅನ್ನು ಅಷ್ಟು ಬೇಗ ಕಟ್ಟಿ ಹೊರಹಾಕುತ್ತವೆ.

ಇಲ್ಲಿ ನಮ್ಮೂರಿನದೊಂದು ಮುಖ್ಯ ಪ್ರಯೋಗ ಬರುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಣು ಕೊಟ್ಟರೆ, ಮನುಷ್ಯರಲ್ಲಿ ಅದರ ಲಭ್ಯತೆ ಶೇ. 2000ದಷ್ಟು ಏರುತ್ತದೆ ಎಂದು ತೋರಿಸಿದರು. ಇವತ್ತಿಗೂ ಎಷ್ಟೋ ಅರಿಶಿನ ಮಾತ್ರೆಗಳ ಡಬ್ಬಿಯ ಮೇಲೆ ಇದೇ ಸಂಖ್ಯೆ. ಪ್ರಯೋಗ ಚೆನ್ನಾಗಿಯೇ ಇದೆ, ಅದನ್ನು ಓದುವ ರೀತಿ ಕೆಟ್ಟಿದೆ. ಪೈಪರಿನ್ ಇಲ್ಲದಾಗ ರಕ್ತದಲ್ಲಿದ್ದ ಕರ್ಕ್ಯುಮಿನ್ ಅಳತೆಗೆ ಸಿಗದಷ್ಟು, ಇಲ್ಲವೇ ತೀರಾ ಕಡಿಮೆ ಇತ್ತು. ಇಲ್ಲವೆನ್ನುವಷ್ಟರ ಇಪ್ಪತ್ತು ಪಟ್ಟು ಎಷ್ಟಾದೀತು? ಅಲ್ಲದೆ ಪೈಪರಿನ್ ಇದನ್ನು ಸಾಧಿಸುವುದು ದೇಹದ ಔಷಧಿ ಕರಗಿಸುವ ವ್ಯವಸ್ಥೆಯನ್ನೇ ಕಟ್ಟಿಹಾಕಿ. ಅದೇ ವ್ಯವಸ್ಥೆ ಆಸ್ಪತ್ರೆಯ ಮಾತ್ರೆಗಳನ್ನೂ ನಿಭಾಯಿಸುತ್ತಿರುತ್ತದೆ. ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ ಸ್ತನ ಕ್ಯಾನ್ಸರಿಗೆ ಕೊಡುವ, ಈಸ್ಟ್ರೋಜನ್ ತಡೆಯುವ ಟಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ 16 ಮಹಿಳೆಯರಿಗೆ ಕರ್ಕ್ಯುಮಿನ್ ಮತ್ತು ಪೈಪರಿನ್ ಒಟ್ಟಿಗೆ ಕೊಟ್ಟು ನೋಡಿದಾಗ, ಟಮಾಕ್ಸಿಫೆನ್ನಿನಿಂದ ದೇಹ ತಯಾರಿಸಿಕೊಳ್ಳುವ ನಿಜವಾದ ಮದ್ದಿನ ಅಂಶ ಸುಮಾರು ಶೇ. 12ರಷ್ಟು ಇಳಿದಿತ್ತು. 2019ರಲ್ಲಿ ಪ್ರಕಟವಾದ ಚಿಕ್ಕ ಪ್ರಯೋಗ ಇದು. ಆದರೂ ಟಮಾಕ್ಸಿಫೆನ್ ಮೇಲಿರುವವರು ಅರಿಶಿನದ ಮಾತ್ರೆ ಕೊಳ್ಳುವ ಮುಂಚೆ ತಿಳಿದಿರಬೇಕಾದದ್ದು. ಸಾರಿಗೆ ಹಾಕುವ ಅರಿಶಿನದ ಮಾತಲ್ಲ ಇದು, ಮಾತ್ರೆಯ ಮಾತು.

ಚಿಕ್ಕ ಪ್ರಯೋಗ ಎಷ್ಟು ದಾರಿ ತಪ್ಪಿಸಬಹುದು ಎಂಬುದಕ್ಕೂ ಅರಿಶಿನವೇ ಸಾಕ್ಷಿ. ಸ್ತನ ಕ್ಯಾನ್ಸರಿಗೆ ರೇಡಿಯೇಷನ್ ಕೊಡುವಾಗ ಚರ್ಮ ಕೆಂಪಾಗಿ ಸುಲಿಯುತ್ತದೆ. 2013ರಲ್ಲಿ 30 ಮಹಿಳೆಯರ ಪ್ರಯೋಗದಲ್ಲಿ ಕರ್ಕ್ಯುಮಿನ್ ನುಂಗಿದವರಿಗೆ ಆ ಸುಡುವಿಕೆ ಕಡಿಮೆಯಾದಂತೆ ಕಂಡಿತು. ಅದೇ ಅಮೆರಿಕನ್ ತಂಡ 686 ಮಹಿಳೆಯರಲ್ಲಿ ಮತ್ತೆ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿತು: ಕರ್ಕ್ಯುಮಿನ್‌ಗೂ ಮದ್ದಿಲ್ಲದ ಸಪ್ಪೆ ಗುಳಿಗೆಗೂ ವ್ಯತ್ಯಾಸವಿಲ್ಲ. ಮೊದಲನೆಯದು ಇಂದಿಗೂ ಹಂಚಿಕೆಯಾಗುತ್ತಲೇ ಇದೆ. ಎರಡನೆಯದರ ಸುದ್ದಿ ಕೇಳಿದ್ದೀರಾ?

ಅರಿಶಿನದ ಬಾಗಿಲು ಪೂರ್ತಿ ಮುಚ್ಚಿಲ್ಲ ಎಂಬುದನ್ನೂ ಹೇಳಬೇಕು. ಅರ್ಮೇನಿಯಾದಲ್ಲಿ ಹರಡಿದ ಸ್ತನ ಕ್ಯಾನ್ಸರಿನ 150 ಮಹಿಳೆಯರಲ್ಲಿ ಅರ್ಧ ಮಂದಿಗೆ ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಕರ್ಕ್ಯುಮಿನ್ ಅನ್ನು ನೇರ ರಕ್ತನಾಳಕ್ಕೆ ಕೊಟ್ಟರು, ಉಳಿದರ್ಧಕ್ಕೆ ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಸಪ್ಪೆ ಡ್ರಿಪ್. ಗಡ್ಡೆ ಕುಗ್ಗಿದ್ದು ಕರ್ಕ್ಯುಮಿನ್ ಪಡೆದವರಲ್ಲಿ ಶೇ. 51ರಷ್ಟು ಮಂದಿಗೆ, ಸಪ್ಪೆ ಡ್ರಿಪ್ ಪಡೆದವರಲ್ಲಿ ಶೇ. 33. ಕಾಯಿಲೆ ಮತ್ತೆ ಬೆಳೆಯದೆ ತಡೆದ ಅವಧಿಯಲ್ಲಿ ಮಾತ್ರ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. 2020ರ ಈ ಪ್ರಯೋಗವನ್ನು ಬೇರೆ ಕಡೆ ದೊಡ್ಡದಾಗಿ ಮಾಡಿ ನೋಡುವುದು ನ್ಯಾಯ. ಒಂದು ಮಾತು ಗಮನಿಸಿ: ಅಲ್ಲಿ ಕರ್ಕ್ಯುಮಿನ್ ಕಿಮೋ ಬದಲಿಗೆ ಬಂದದ್ದಲ್ಲ, ಕಿಮೋ ಜೊತೆಗೆ ಬಂದದ್ದು. ಬಾಯಿಂದ ಹೋದದ್ದೂ ಅಲ್ಲ, ಸೂಜಿಯಿಂದ ಹೋದದ್ದು.

ತಲುಪಿಸುವ ಪ್ರಶ್ನೆಗೆ ಅತಿ ಚೆಂದದ ಉತ್ತರ ಸಿಕ್ಕಿರುವುದು ನಮ್ಮ ಪಶ್ಚಿಮ ಘಟ್ಟಕ್ಕೂ ನಂಟಿರುವ ಅಣುವಿನಲ್ಲಿ. ವಾಲ್ ಮತ್ತು ವಾನಿ 1966ರಲ್ಲಿ ಚೀನಾದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಬೇರ್ಪಡಿಸಿದರು. 1972ರಲ್ಲಿ ಅದೇ ಅಣು ಘಟ್ಟದ ಒಂದು ಚಿಕ್ಕ ಮರದಲ್ಲೂ ಇರುವುದು ಭಾರತದ ರಸಾಯನ ವಿಜ್ಞಾನಿಗಳಿಗೆ ಕಂಡಿತು. ಮಲೆನಾಡಿನಲ್ಲಿ ಇದಕ್ಕೆ ದುರ್ವಾಸನೆ ಮರ ಎನ್ನುತ್ತಾರೆ. ಕೋಶ ತನ್ನ ಡಿಎನ್‌ಎ ನಕಲು ಮಾಡುವಾಗ ಹುರಿ ಬಿಚ್ಚಬೇಕು, ಬಿಚ್ಚುತ್ತಾ ಹೋದರೆ ಮುಂದೆ ಸಿಕ್ಕು ಬೀಳುತ್ತದೆ, ಹಗ್ಗದಲ್ಲಿ ಆಗುವ ಹಾಗೇ. ಒಂದು ಕಿಣ್ವ ಒಂದೆಳೆ ಕತ್ತರಿಸಿ, ಸಿಕ್ಕು ಸಡಿಲಿಸಿ, ಮತ್ತೆ ಜೋಡಿಸುತ್ತದೆ. ಕ್ಯಾಂಪ್ಟೊಥೆಸಿನ್ ಹೋಗಿ ಕತ್ತರಿಸಿದ ಜಾಗದಲ್ಲೇ ಕೂತು ಜೋಡಿಸಲು ಬಿಡುವುದಿಲ್ಲ.

ತಟ್ಟೆಯಲ್ಲಿ ಅದ್ಭುತ, ಮನುಷ್ಯರಲ್ಲಿ ಅನಾಹುತ. ನೀರಿನಲ್ಲಿ ಕರಗಲೆಂದು ಅದರ ಉಂಗುರ ಬಿಚ್ಚಿ ಲವಣ ಮಾಡಿ 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟರು. ಮೂತ್ರದ ಹುಳಿಗೆ ಉಂಗುರ ಮತ್ತೆ ಮುಚ್ಚಿಕೊಂಡು, ಮೂತ್ರಕೋಶ ಸುಟ್ಟು ರಕ್ತ ಬಂತು. ಪ್ರಯೋಗ ನಿಂತಿತು. ಎರಡು ದಶಕದ ನಂತರ ಅದರ ಬದಲಾಯಿಸಿದ ರೂಪಗಳು ಬೇರೆ ಕ್ಯಾನ್ಸರ್‌ಗಳಿಗೆ ಬಂದವು. ಸ್ತನ ಕ್ಯಾನ್ಸರಿಗೆ ಬಂದದ್ದು ತೀರಾ ಈಚೆಗೆ, ಬೇರೆಯೇ ವೇಷದಲ್ಲಿ. ಕ್ಯಾನ್ಸರ್ ಕೋಶದ ಮೇಲ್ಮೈಯನ್ನು ಗುರುತಿಸುವ ಪ್ರತಿಕಾಯಕ್ಕೆ (ಆ್ಯಂಟಿಬಾಡಿ) ಈ ಅಣುವಿನ ವಂಶದವನ್ನು ಏಳೆಂಟರಂತೆ ಪೋಣಿಸುತ್ತಾರೆ. ಪ್ರತಿಕಾಯ ಕೋಶವನ್ನು ಹುಡುಕಿ ಅಂಟಿಕೊಳ್ಳುತ್ತದೆ, ಕೋಶ ಅದನ್ನು ಒಳಗೆಳೆದುಕೊಳ್ಳುತ್ತದೆ, ಒಳಗೆ ಹೋದ ಮೇಲೆ ವಿಷ ಬಿಚ್ಚಿಕೊಳ್ಳುತ್ತದೆ. ಟ್ರಾಸ್ಟುಝುಮಾಬ್ ಡೆರುಕ್ಸ್‌ಟೆಕಾನ್ 2019ರಲ್ಲಿ, ಸ್ಯಾಸಿಟುಝುಮಾಬ್ ಗೋವಿಟೆಕಾನ್ 2020ರಲ್ಲಿ ಅಮೆರಿಕದ ಅನುಮತಿ ಪಡೆದವು. ಹಲವು ಚಿಕಿತ್ಸೆ ಸೋತ ಟ್ರಿಪಲ್ ನೆಗೆಟಿವ್ ಮಹಿಳೆಯರಲ್ಲಿ ಎರಡನೆಯ ಔಷಧಿ ಮಧ್ಯಂಕ ಆಯುಸ್ಸನ್ನು, ಅಂದರೆ ಅರ್ಧದಷ್ಟು ಮಂದಿ ದಾಟಿದ ಅವಧಿಯನ್ನು, 6.7 ತಿಂಗಳಿಂದ 12.1 ತಿಂಗಳಿಗೆ ಏರಿಸಿತು. ಬಿಳಿಕಣ ಕುಸಿತ, ಭೇದಿ ತಪ್ಪಿಲ್ಲ. ಮೊದಲನೆಯದರಲ್ಲಿ ಶ್ವಾಸಕೋಶದ ಉರಿಯೂತದ ಭಯವಿದೆ. ಬೆಲೆ ಎಷ್ಟೆಂದರೆ 2024ರ ಕೇಂದ್ರ ಬಜೆಟ್ಟಿನಲ್ಲಿ ಡೆರುಕ್ಸ್‌ಟೆಕಾನ್ ಮೇಲಿನ ಆಮದು ಸುಂಕವನ್ನೇ ತೆಗೆದರು. ಆದರೂ ಸಾಮಾನ್ಯ ಮನೆಗೆ ಅದು ಕೈಗೆಟಕುವುದಿಲ್ಲ.

ಇತ್ತ ಘಟ್ಟದಲ್ಲಿ ಬೇಡಿಕೆಗೆ ಮರಗಳನ್ನೇ ಬುಡಸಮೇತ ಕಡಿದು ಸಾಗಿಸಿದ್ದರಿಂದ ದುರ್ವಾಸನೆ ಮರ ವಿರಳವಾಗುತ್ತಾ ಬಂತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಯಾವ ಕಾಡಿನ ಮರದಲ್ಲಿ ಅಣು ಹೆಚ್ಚಿದೆ ಎಂದು ಹುಡುಕಿದರು. ಮರದೊಳಗೆ ಬದುಕುವ ಶಿಲೀಂಧ್ರಗಳೂ ಕ್ಯಾಂಪ್ಟೊಥೆಸಿನ್ ತಯಾರಿಸುತ್ತವೆ ಎಂದು ಕಂಡುಕೊಂಡರು. ಮರ ಕಡಿಯದೆ ಡ್ರಮ್ಮಿನಲ್ಲಿ ಬೆಳೆಸಬಹುದಲ್ಲ ಎಂಬ ಆಸೆ ಚಿಗುರಿತು. ಆದರೆ ಪ್ರಯೋಗಾಲಯದಲ್ಲಿ ತಲೆಮಾರು ಕಳೆದಂತೆ ಶಿಲೀಂಧ್ರ ಅದನ್ನು ಮಾಡುವುದನ್ನು ಕಡಿಮೆ ಮಾಡುತ್ತಾ ಹೋಯಿತು.

ಒಂದೇ ಅಣು ಬೇರ್ಪಡಿಸಬೇಕೆಂದೇನೂ ಈಗ ಕಾನೂನಿನಲ್ಲಿಲ್ಲ. 2015ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ‘ಫೈಟೊಫಾರ್ಮಾಸ್ಯುಟಿಕಲ್’ ಎಂಬ ಹೊಸ ವರ್ಗ ತಂದಿತು. ಶುದ್ಧಗೊಳಿಸಿದ ಸಾರದಲ್ಲಿ ಕನಿಷ್ಠ ನಾಲ್ಕು ಘಟಕಗಳನ್ನು ಗುರುತಿಸಿ ಅಳೆದು ತೋರಿಸಿದರೆ, ಸಾರವನ್ನೇ ಔಷಧಿಯಾಗಿ ಕ್ಲಿನಿಕಲ್ ಪ್ರಯೋಗಕ್ಕೆ ಒಯ್ಯಬಹುದು. ‘ಒಂದೊಂದಾಗಿ ತೆಗೆದರೆ ಗಿಡದ ಗುಣ ಹೋಗುತ್ತದೆ’ ಎನ್ನುವ ವೈದ್ಯರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿಲ್ಲ. ಮಳೆಗಾಲದ ಎಲೆಯಲ್ಲೂ ಬೇಸಿಗೆಯ ಎಲೆಯಲ್ಲೂ, ಶಿರಸಿಯ ಗಿಡದಲ್ಲೂ ಬಳ್ಳಾರಿಯ ಗಿಡದಲ್ಲೂ ಆ ನಾಲ್ಕು ಅಳತೆ ಒಂದೇ ಇರಬೇಕು, ಅಷ್ಟೆ. ಆ ‘ಅಷ್ಟೆ’ಯಲ್ಲೇ ಬಹುಪಾಲು ಪುಡಿ, ಲೇಹ್ಯ ಬಿದ್ದುಹೋಗುತ್ತವೆ.

ಬೀಳದೆ ಉಳಿಯುವುದು ಬಾಯಿಮಾತು. ಲಕ್ಷ್ಮಣಫಲ ಕಿಮೋಗಿಂತ ಹತ್ತು ಸಾವಿರ ಪಟ್ಟು ಬಲಶಾಲಿ ಎಂಬ ಸಂದೇಶ ಹತ್ತು ವರ್ಷದಿಂದ ಸುತ್ತುತ್ತಿದೆ, ಅದರ ಸಸಿಗೆ ನರ್ಸರಿಗಳಲ್ಲಿ ಬೇಡಿಕೆಯೂ ಇದೆ. ಅದರಲ್ಲಿರುವ ಅನೊನಾಸಿನ್ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಕೊಲ್ಲುತ್ತದೆ, ಹೌದು. ನರಕೋಶವನ್ನೂ ಕೊಲ್ಲುತ್ತದೆ. ಆ ಹಣ್ಣು, ಎಲೆಯ ಚಹಾ ಹೆಚ್ಚು ಬಳಸುವ ಕೆರಿಬಿಯನ್ ದ್ವೀಪ ಗ್ವಾಡೆಲೂಪಿನಲ್ಲಿ ಮದ್ದಿಗೆ ಬಗ್ಗದ ಒಂದು ಬಗೆಯ ಪಾರ್ಕಿನ್ಸನ್ ಕಾಯಿಲೆ ಹೆಚ್ಚಿರುವುದನ್ನು ವೈದ್ಯರು 1999ರಲ್ಲೇ ಗುರುತಿಸಿ, ಇದರ ಮೇಲೆ ಅನುಮಾನ ಪಟ್ಟರು. ಇನ್ನೂ ದೊಡ್ಡ ಅಪಾಯ ಹಣ್ಣಿನದ್ದಲ್ಲ, ಕಳೆದುಹೋಗುವ ತಿಂಗಳುಗಳದ್ದು. ಕಾಯಿಲೆ ದೂರ ಹರಡದಿದ್ದ ಹಂತದಲ್ಲೇ ಆಸ್ಪತ್ರೆ ಬಿಟ್ಟು ಪರ್ಯಾಯ ಚಿಕಿತ್ಸೆಯನ್ನಷ್ಟೇ ಆಯ್ದುಕೊಂಡವರ ಲೆಕ್ಕವನ್ನು ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದರು. ಸ್ತನ ಕ್ಯಾನ್ಸರಿನಲ್ಲಿ ಸಾವಿನ ಅಪಾಯ ಐದೂವರೆ ಪಟ್ಟಿಗೂ ಹೆಚ್ಚಿತ್ತು.

ಆದರೆ ಹೆಚ್ಚಿನವರು ಆಸ್ಪತ್ರೆ ಬಿಡುವುದಿಲ್ಲ. ಎರಡನ್ನೂ ಮಾಡುತ್ತಾರೆ, ಒಂದನ್ನು ಹೇಳುವುದಿಲ್ಲ. ನಮ್ಮ ಅತ್ತೆಯೊಬ್ಬರ ಮೂರನೇ ಕಿಮೋಗೆ ಜೊತೆಗೆ ಹೋಗಿದ್ದೆ. ‘ಬೇರೆ ಏನಾದ್ರೂ ಔಷಧಿ ತಗೊಳ್ತಿದೀರಾ ಅಮ್ಮ?’ ಎಂದು ಡಾಕ್ಟರ್ ಕೇಳಿದರು. ‘ಇಲ್ಲ ಸಾರ್’ ಅಂದರು ಅತ್ತೆ, ಒಂದು ಕ್ಷಣವೂ ತಡವರಿಸದೆ. ಹೊರಗೆ ಬಂದ ಮೇಲೆ ನಾನು ಕೇಳಿದೆ, ‘ಬೆಳಗ್ಗೆ ಸಂಜೆ ಕುಡಿಯೋದು ಹೇಳಲೇ ಇಲ್ವಲ್ಲ ಅತ್ತೆ?’ ‘ಅಯ್ಯೋ, ಅದು ಔಷಧಿ ಅಲ್ವಲ್ಲೋ. ಕಷಾಯ.’

ಮುಂದಿನ ಸಲ ಆ ಬಾಟಲಿಯನ್ನು ಬಟ್ಟೆ ಚೀಲದಲ್ಲಿಟ್ಟುಕೊಂಡು ಹೋದೆವು. ಡಾಕ್ಟರ್ ಬೈಯಲಿಲ್ಲ. ಮುಚ್ಚಳ ತೆಗೆದು ಮೂಸಿದರು, ಯಾರು ಕೊಟ್ಟಿದ್ದು, ಯಾವ ಬೇರು, ಎಷ್ಟು ದಿನದಿಂದ ಎಂದು ಕೇಳಿದರು. ಅತ್ತೆಗೆ ಗೊತ್ತಿದ್ದದ್ದು ಒಂದೆರಡು ಹೆಸರು. ಫೈಲಿನಲ್ಲಿ ‘ಕಷಾಯ, ದಿನಕ್ಕೆರಡು ಸಲ, ಅಮೃತಬಳ್ಳಿ’ ಎಂದು ಬರೆದು, ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಆ ದಿನದ ಡ್ರಿಪ್ ತಡೆದು ಲಿವರ್ ಟೆಸ್ಟಿಗೆ ಚೀಟಿ ಕೊಟ್ಟರು.